ಎಡಚನ ಎಣಿಕೆ

ಎಣಿಸಿ ಮುಗಿದದ್ದನ್ನು ಮತ್ತೆ ನೋಡುವ ಅಗತ್ಯವೇನೂ ಇರಲಿಲ್ಲ. ಹನ್ನೆರಡು ಸ್ಲೈಡುಗಳ ಅಂಕಿಗಳನ್ನು ಅವನು ನಿನ್ನೆ ಸಂಜೆಯೇ ಬರೆದು, ಸಹಿ ಹಾಕಿ, ಹಾಳೆಯನ್ನು ಸಂಶೋಧನೆಯ ಮುಖ್ಯಸ್ಥೆ ಮೇಡಂ ಮೇಜಿನ ಮೇಲಿಟ್ಟು ಬಂದಿದ್ದ. ಆದರೂ ಈ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಪ್ರಯೋಗಾಲಯದ ಕತ್ತಲೆಕೋಣೆಯ ಬಾಗಿಲು ಹಾಕಿಕೊಂಡು, ಏಳನೆಯ ನಂಬರಿನ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕೂತಿದ್ದ. ಕಪ್ಪಿನ ಮೇಲೆ ಹಸಿರಾಗಿ ಹೊಳೆಯುವ ಚುಕ್ಕಿಗಳು. ಒಂದೊಂದೂ ಒಂದು ಇಲಿಯ ಕಣ್ಣಿನ ಹಿಂಬದಿಯ ಪರದೆಯಲ್ಲಿದ್ದ ನರಕೋಶ, ಕಂಡದ್ದನ್ನು ಮಿದುಳಿಗೆ ಮುಟ್ಟಿಸುವಂಥದು, ಒಮ್ಮೆ ಸತ್ತರೆ ಮತ್ತೆ ಹುಟ್ಟದು. ಉಳಿದವು ಎಷ್ಟು ಎಂದು ಎಣಿಸುವುದೇ ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ. ಗಟ್ಟಿಯಾಗಿ ಹೊಳೆಯುವ ಕೋಶದ ಬಗ್ಗೆ ಯಾರ ತಕರಾರೂ ಇಲ್ಲ; ಸತ್ತದ್ದರ ಬಗ್ಗೆಯೂ ಇಲ್ಲ, ಅದು ಕಾಣುವುದೇ ಇಲ್ಲ. ತೊಂದರೆಯೆಲ್ಲ ಮಂಕಾದವುಗಳದ್ದು. ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಅಂಚು ಪೂರ್ತಿ ದುಂಡಗೆ ಕಂಡರೆ ಎಣಿಸಬೇಕು, ಇಲ್ಲದಿದ್ದರೆ ಬಿಡಬೇಕು ಎಂದು ಬರೆದು ಗೋಡೆಗೆ ಅಂಟಿಸಿದವನೂ ಅವನೇ. ಆದರೆ ಪೂರ್ತಿ ಎಂದರೆ ಎಷ್ಟು ಪೂರ್ತಿ ಎಂದು ಗೋಡೆಯ ಕಾಗದ ಹೇಳುವುದಿಲ್ಲ, ಅದನ್ನು ಎಣಿಸುವವನ ಹೆಬ್ಬೆರಳೇ ಹೇಳಬೇಕು. ಉಕ್ಕಿನ ಎಣಿಕೆಯಂತ್ರದ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಒತ್ತದೆ, ಒಂದು ಚೌಕವನ್ನು ಮನಸ್ಸಿನಲ್ಲೇ ಎಣಿಸಿದ. ಹದಿನೇಳು. ನಿನ್ನೆ ಇದೇ ಚೌಕಕ್ಕೆ ಬರೆದದ್ದು ಹನ್ನೊಂದು. ಕಣ್ಣೊರೆಸಿಕೊಂಡು ಮತ್ತೆ ಎಣಿಸಿದಾಗ ಹದಿನಾಲ್ಕು ಬಂತು.

ಸ್ಲೈಡನ್ನು ಮೆಲ್ಲಗೆ ಸರಿಸಿ ಅಂಚಿಗೆ ಬಂದ. ಕಣ್ಣಿನ ಪರದೆ ಬಟ್ಟಲಿನ ಆಕಾರದ್ದು. ಅದನ್ನು ಗಾಜಿನ ಮೇಲೆ ಚಪ್ಪಟೆ ಮಾಡಬೇಕಾದರೆ ಸುತ್ತ ನಾಲ್ಕು ಕಡೆ ಕತ್ತರಿಸಬೇಕು, ಆಗ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ. ಏಳನೆಯದರ ನಾಲ್ಕೂ ಸೀಳುಗಳು ನೇರ ಹೊರಟು, ಕೊನೆಗೆ ಬರುವಾಗ ಕೂದಲೆಳೆಯಷ್ಟು ಹೊರಕ್ಕೆ ವಾಲಿದ್ದವು. ಎಡಚ, ಇದು ನಿನ್ನ ಕತ್ತರಿ, ನನ್ನ ಹತ್ತಿರ ಸುಳ್ಳು ಹೇಳಬೇಡ ಎಂದಿದ್ದಳು ಅಕ್ಕ ಒಮ್ಮೆ, ಹತ್ತು ವರ್ಷದ ಅವನ ಮುಂದೆ ಹಾಳಾದ ಬಟ್ಟೆಯನ್ನು ಹಿಡಿದು. ಅಕ್ಕನ ಹೊಲಿಗೆ ಅಂಗಡಿಯಲ್ಲಿ ಆಗ ಇನ್ನೂ ಇಬ್ಬರು ಕೆಲಸಕ್ಕಿದ್ದರು, ಯಾರ ಮೇಲೆ ಬೇಕಾದರೂ ಹಾಕಬಹುದಿತ್ತು. ಆದರೆ ಅಕ್ಕ ಬಟ್ಟೆಯ ಅಂಚನ್ನು ಬೆರಳಲ್ಲಿ ಸವರಿಯೇ ಹೇಳುತ್ತಿದ್ದಳು, ಇದು ಯಾರ ಕೈ ಎಂದು. ತಾಯಿ ಹೋದ ಮೇಲೆ ಅವನನ್ನು ಓದಿಸಿದ್ದು ಆ ಅಂಗಡಿ, ಆ ಬೆರಳು. ಕತ್ತರಿಯನ್ನು ಬಲಗೈಗೆ ಬದಲಿಸಲು ಅವಳೇನೂ ಒತ್ತಾಯ ಮಾಡಲಿಲ್ಲ. ಕೊನೆಗೆ ಬರುವಾಗ ನಿಧಾನ ಮಾಡು, ಅಷ್ಟೇ ಎಂದಿದ್ದಳು. ಐವತ್ತೆರಡು ವಯಸ್ಸಾದರೂ ಕೊನೆಗೆ ಬರುವಾಗ ಅವನಿಗೆ ನಿಧಾನ ಬಂದಿರಲಿಲ್ಲ.

ಈ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಎಣಿಸುವವನಿಗೆ ತಾನು ಯಾವುದನ್ನು ಎಣಿಸುತ್ತಿದ್ದೇನೆ ಎಂದು ಗೊತ್ತಿರಬಾರದು. ಆರು ಇಲಿಗಳ ಕಣ್ಣಿಗೆ ಔಷಧಿ, ಆರಕ್ಕೆ ಬರಿಯ ಉಪ್ಪುನೀರು. ಸ್ಲೈಡುಗಳ ಮೇಲೆ ಕಲಸಿದ ನಂಬರುಗಳು. ಯಾವ ನಂಬರು ಯಾವುದೆಂಬ ಪಟ್ಟಿ ಮೇಡಂ ಮೇಜಿನ ಖಾನೆಯಲ್ಲಿ ಅಂಟು ಹಾಕಿದ ಲಕೋಟೆಯೊಳಗೆ. ಕತ್ತರಿಸಿ ಚಪ್ಪಟೆ ಮಾಡುವುದು ಸಂಶೋಧನೆಯ ಹುಡುಗಿಯ ಕೆಲಸ, ಎಣಿಸುವುದು ಮಾತ್ರ ಅವನದು. ಆದರೆ ಎರಡು ತಿಂಗಳ ಹಿಂದೆ ಒಂದು ದಿನ ಅವಳಿಗೆ ವಿಪರೀತ ಜ್ವರ. ಫೋನಿನಲ್ಲಿ ಅವಳ ಹಲ್ಲು ಕಟಕಟಿಸುವುದು ಕೇಳುತ್ತಿತ್ತು. "ಅಣ್ಣಾ, ಇವತ್ತು ಔಷಧಿಯ ಆರೂ ತೆಗೆದಿಟ್ಟಿದ್ದೀನಿ, ನಾಳೆಗೆ ಇಟ್ರೆ ಕೆಟ್ಟು ಹೋಗತ್ತೆ. ದಯವಿಟ್ಟು ನೀವೇ ಕತ್ತರಿಸಿಬಿಡಿ. ಆಮೇಲೆ ನಾನು ನಂಬರು ಕಲಸಿಬಿಡ್ತೀನಿ, ನಿಮಗೆ ಗೊತ್ತಾಗಲ್ಲ." ಅವಳ ಮಾತು ನಿಜವೆಂದೇ ಅವನೂ ತಿಳಿದಿದ್ದ. ಮೂರನೆಯ ನಂಬರನ್ನು ಎಣಿಸಲು ಕೂತು, ಅಂಚಿಗೆ ಬಂದು, ವಾಲಿದ ಸೀಳನ್ನು ಕಂಡಾಗ ಅದು ತನ್ನದೇ ಕತ್ತರಿ ಎಂದು ತಿಳಿಯಿತು. ಮೂರು, ನಾಲ್ಕು, ಏಳು, ಒಂಬತ್ತು, ಹತ್ತು, ಹನ್ನೆರಡು. ಹೆಸರು ಬರೆದು ಅಂಟಿಸಿದಷ್ಟು ಸ್ಪಷ್ಟವಾಗಿತ್ತು. ಆ ಕ್ಷಣವೇ ಎದ್ದು ಹೋಗಿ ಹೇಳಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುವ ಮಾತು. ಅವನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

ಯಾಕೆ ಎಳೆದುಕೊಂಡೆ ಎಂದು ಕೇಳಿಕೊಂಡರೆ ಉತ್ತರವಾಗಿ ಅವನಿಗೆ ಒಂದು ಸೂಜಿ ಕಾಣುತ್ತದೆ. ನಾಲ್ಕು ವರ್ಷದ ಹಿಂದೆ, ಅಕ್ಕನ ಅಂಗಡಿಯಲ್ಲಿ, ಇಬ್ಬರು ಗಿರಾಕಿಗಳ ಎದುರಿಗೆ. "ಯಾಕೋ ಬಾಗಿಲ ಚೌಕಟ್ಟು ಭುಜಕ್ಕೆ ಬಡೀತಾನೇ ಇರತ್ತೆ ಕಣೋ, ನಿನ್ನೆ ಮೆಟ್ಟಿಲೂ ತಪ್ತು, ಕಣ್ಣು ಒಂದ್ಸಲ ತೋರಿಸಲಾ?" ಎಂದಿದ್ದಳು ಅಕ್ಕ. ಅವನಿಗೆ ಅವಸರವಿತ್ತು. ಮೇಜಿನ ಮೇಲಿದ್ದ ಸೂಜಿ ದಾರ ಎತ್ತಿ ಅವಳ ಕೈಗಿಟ್ಟ. ಅಕ್ಕ ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಒಂದೇ ಸಲಕ್ಕೆ ಪೋಣಿಸಿದಳು. ಅವನು ನಕ್ಕು, "ನನಗಿಂತ ನಿನ್ನ ಕಣ್ಣೇ ಚೆನ್ನಾಗಿದೆ ಅಕ್ಕ, ಗಮನ ಎಲ್ಲೋ ಇರತ್ತೆ ಅಷ್ಟೆ" ಎಂದ. ಗಿರಾಕಿಗಳೂ ನಕ್ಕರು. ಅಕ್ಕನೂ ನಕ್ಕಳು, ಸ್ವಲ್ಪ ತಡವಾಗಿ. ಗ್ಲಾಕೋಮಾ, ಕಣ್ಣೊಳಗಿನ ಒತ್ತಡದಿಂದ ಈ ನರಕೋಶಗಳೇ ಸಾಯುವ ರೋಗ, ನಡುವಿನ ನೋಟವನ್ನು ಕೊನೆಯವರೆಗೂ ಬಿಟ್ಟು ಅಂಚಿನಿಂದ ತಿನ್ನುತ್ತ ಬರುತ್ತದೆ, ಸೂಜಿ ಪೋಣಿಸುವವರಿಗೂ ಬಾಗಿಲು ಕಾಣದಿರಬಹುದು ಎಂದು ಆ ಊರಿನಲ್ಲಿ ಗೊತ್ತಿದ್ದವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ಅವನೂ ಒಬ್ಬ. ಪ್ರಯೋಗಾಲಯಕ್ಕೆ ಬಂದವರಿಗೆಲ್ಲ ಇದನ್ನೇ ವಿವರಿಸುತ್ತಿದ್ದವನು. ಎರಡು ವರ್ಷದ ಮೇಲೆ ಅಕ್ಕನ ಕಣ್ಣು ನೋಡಿದ ಡಾಕ್ಟರರು ದೀಪದ ಬುಡದಲ್ಲೇ ಕತ್ತಲೆ ಎಂದು ತಮಾಷೆಗೆ ಹೇಳಿದ್ದರು, ಇವನು ಗೋಡೆಯ ಕಡೆ ತಿರುಗಿದ್ದ. ಅಷ್ಟರಲ್ಲಿ ಎಡಗಣ್ಣು ಬಹುಪಾಲು ಹೋಗಿತ್ತು.

ಹೀಗಾಗಿ ಈ ಔಷಧಿ ಫಲಿಸಬೇಕು ಎಂದು ಆ ಕಟ್ಟಡದಲ್ಲಿ ಅವನಷ್ಟು ಬಯಸಿದವರಿಲ್ಲ. ಔಷಧಿ ಎಂದರೆ ದೇಹದ್ದೇ ಒಂದು ಅಣು. ರೋಗದ ಜೊತೆ ಕಾದಾಡುವ ಜೀವಕೋಶಗಳು ಒಂದಕ್ಕೊಂದು ಕಳಿಸಿಕೊಳ್ಳುವ ಸುದ್ದಿ. ಅದು ಬಂದಲ್ಲೆಲ್ಲ ಉರಿ, ಊತ, ಹಾನಿ ಎಂದೇ ಮೊದಲು ಎಲ್ಲರೂ ನಂಬಿದ್ದರು. "ಇಂಥ ಅಣುಗಳೆಲ್ಲ ಜಗಳಗಂಟರು ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ವಿ. ಅವುಗಳಲ್ಲೇ ಕೆಲವು ಜಗಳ ಬಿಡಿಸೋಕೆ ಬಂದಿರ್ತವೆ" ಎಂದು ಮೇಡಂ ಹೊಸಬರಿಗೆ ಹೇಳುತ್ತಾರೆ. ಒತ್ತಡದಲ್ಲಿ ನಲುಗುವ ನರಕೋಶದ ಬಳಿಗೆ ಈ ಸುದ್ದಿ ಸರಿಯಾದ ಹೊತ್ತಿಗೆ ತಲುಪಿದರೆ, ಸುತ್ತಲಿನ ಕಾವಲಿನ ಕೋಶಗಳು ಅದನ್ನು ಕಿತ್ತು ತಿನ್ನುವ ಬದಲು ಆರೈಕೆಗೆ ಇಳಿಯುತ್ತವೆ, ಸಾಯಬೇಕಾದದ್ದು ಉಳಿಯುತ್ತದೆ ಎಂಬುದು ಮೇಡಂ ಊಹೆ. ಹೋದದ್ದು ಬಾರದು, ಉಳಿದದ್ದು ಉಳಿದೀತು. ಅಕ್ಕನ ಬಲಗಣ್ಣಿನ ನಡುವೆ ಒಂದು ಕಿಂಡಿಯಷ್ಟು ಉಳಿದಿದೆ. ತಾನು ಎಷ್ಟು ಬಯಸುತ್ತಿದ್ದೇನೆ ಎಂದು ಗೊತ್ತಿದ್ದದ್ದರಿಂದಲೇ ಆ ಆರು ಸ್ಲೈಡುಗಳ ಮುಂದೆ ಕೂತಾಗ ಅವನಿಗೆ ತನ್ನ ಹೆಬ್ಬೆರಳಿನ ಮೇಲೆ ನಂಬಿಕೆ ಹೋಯಿತು. ಮಂಕಾದ ಪ್ರತಿಯೊಂದು ಕೋಶವೂ ಅಕ್ಕನ ಮುಖ ಇಟ್ಟುಕೊಂಡು ಎಣಿಸು ಎನ್ನುತ್ತಿತ್ತು. ಎಣಿಸಲಾರೆ, ನಾನು ಪ್ರಾಮಾಣಿಕ ಎಂದು ಬಿಟ್ಟ. ಒಂದನ್ನು ಬಿಟ್ಟಾಗ ಮನಸ್ಸಿಗೆ ಹಿತವಾಯಿತು. ಇನ್ನೊಂದನ್ನು ಬಿಟ್ಟ. ಆರು ಸ್ಲೈಡು ಮುಗಿಯುವ ಹೊತ್ತಿಗೆ ಉಪವಾಸ ಮಾಡಿದವನ ಹೆಮ್ಮೆ ಮುಖದಲ್ಲಿತ್ತು. ಉಳಿದ ಆರನ್ನು, ಉಪ್ಪುನೀರಿನವನ್ನು, ಅವನು ಎಂದಿನಂತೆ ಎಣಿಸಿದ.

ಹನ್ನೊಂದು ಗಂಟೆಗೆ ಲಕೋಟೆ ಒಡೆದರು. ಮೇಡಂ ಕನ್ನಡಕ ಹಣೆಗೇರಿಸಿ ಎರಡು ಸಾಲುಗಳನ್ನು ಎದುರುಬದುರು ಬರೆದು, ಕೂಡಿಸಿ, ಭಾಗಿಸಿ, ಪೆನ್ನಿನ ಮುಚ್ಚಳ ಹಾಕಿದರು. ಔಷಧಿಯದಕ್ಕೂ ಉಪ್ಪುನೀರಿನದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. "ಇದೂ ಒಂದು ಉತ್ತರವೇ" ಎಂದರು. ಹುಡುಗಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ನೋಡುತ್ತಲೇ ಇದ್ದಳು, ಮೂರು ವರ್ಷದ ಕೆಲಸ ಅದು. "ಎಣಿಕೆಯಲ್ಲಿ ಏನಾದ್ರೂ..." ಎಂದು ಸಣ್ಣ ದನಿಯಲ್ಲಿ ಶುರುಮಾಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಅವನ ಕೈ ತಾನಾಗಿ ಜೇಬಿನಲ್ಲಿದ್ದ ಎಣಿಕೆಯಂತ್ರದ ಮೇಲೆ ಹೋಯಿತು. ಮೇಡಂ ಅವಳ ಮಾತನ್ನು ಅಲ್ಲೇ ತುಂಡರಿಸಿದರು. "ಇವರ ಎಣಿಕೆ ಬಗ್ಗೆ ಮಾತಾಡಬೇಡ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಹೆಚ್ಚುಕಮ್ಮಿ ಆಗಿಲ್ಲ. ಇವರು ಹನ್ನೊಂದು ಅಂದ್ರೆ ಹನ್ನೊಂದು." ಹೊಗಳಿಕೆ ಕೆನ್ನೆಗೆ ಹೊಡೆದ ಹಾಗಿತ್ತು. ಮೇಡಂ ಮಾತು ಮುಂದುವರಿಯಿತು, "ಈ ಅಣುವನ್ನ ಇಲ್ಲಿಗೆ ಬಿಡೋಣ. ಫ್ರೀಜರಿನಲ್ಲಿ ಉಳಿದಿರೋದನ್ನ ಸಂಜೆಯೊಳಗೆ ತೆಗೆದು ಬಿಸಾಡಿಬಿಡಿ, ಆ ಖಾನೆ ಬೇರೆಯವರು ಕೇಳ್ತಿದ್ದಾರೆ." ಇಪ್ಪತ್ತು ಪುಟ್ಟ ಶೀಷೆ ಔಷಧಿ. ಮಾಡಿ ಕಳಿಸಿದವರು ಈಗ ಅದನ್ನು ಮಾಡುವುದಿಲ್ಲ. ಹೊಸದಾಗಿ ಮಾಡಿಸಲು ಒಂದು ವರ್ಷವಾದರೂ ಬೇಕು, ಫಲವಿಲ್ಲ ಎಂದು ಬರೆದ ಮೇಲೆ ಯಾರು ಮಾಡಿಸುತ್ತಾರೆ? ಅವನು "ಆಗಲಿ ಮೇಡಂ" ಎಂದ. ಆ ಎರಡು ಪದ ಎಷ್ಟು ಸಲೀಸಾಗಿ ಬಂದವೆಂದರೆ ಅವನಿಗೇ ಹೆದರಿಕೆಯಾಯಿತು.

ಮಧ್ಯಾಹ್ನ ಮೂರಕ್ಕೆ ಅದೇ ಕಟ್ಟಡದ ಕೆಳಮಹಡಿಯ ಕಣ್ಣಾಸ್ಪತ್ರೆಯಲ್ಲಿ ಅಕ್ಕನ ತಪಾಸಣೆ. ಅವಳು ಒಬ್ಬಳೇ ಬಂದಿದ್ದಳು, ಕೋಲು ಬೇಡ ಎಂಬ ಹಟ ಬೇರೆ. ಕಾರಿಡಾರಿನಲ್ಲಿ ಬರುವಾಗ ತಳ್ಳುಗಾಡಿಗೆ ಡಿಕ್ಕಿ ಹೊಡೆದು, ತಳ್ಳುವವನ ಬಳಿ ತಾನೇ ಕ್ಷಮೆ ಕೇಳುತ್ತಿದ್ದಳು. ಅವನು ದೂರದಿಂದ ಕಂಡು, ಕಾಣದವನಂತೆ ಒಂದು ಕ್ಷಣ ಕಂಬದ ಹಿಂದೆ ನಿಂತು, ಆಮೇಲೆ ಓಡಿ ಬಂದವನಂತೆ ಬಂದ. "ನಿನ್ನ ಇಲಿಗಳು ಹೇಗಿವೆಯೋ ಎಡಚ?" ಎಂದಳು. ಕಣ್ಣು ಹೋಗುತ್ತಿರುವುದು ಗೊತ್ತಾದ ದಿನದಿಂದ ಭೇಟಿಯಾದಾಗಲೆಲ್ಲ ಅವಳ ಮೊದಲ ಮಾತು ಇದೇ. ಅವನು ಹೂಂ ಎಂದ. "ಇಲಿಗೆಲ್ಲ ಕಣ್ಣು ಸರಿ ಮಾಡಿ ಕಳಿಸಿದ್ರೆ ಬೆಕ್ಕುಗಳ ಗತಿ ಏನು?" ಎಂದು ನಕ್ಕಳು. ಅವಳ ತೋಳು ಹಿಡಿದು ನಡೆಸುವಾಗ ಎಂದಿನಂತೆ ಅವನು ಅವಳ ಎಡಕ್ಕಿದ್ದ. ಕೂತಾಗಲೂ ಎಡಕ್ಕೇ ಕೂರುತ್ತಿದ್ದ. ಅತ್ತ ಕೂತರೆ ಅವಳು ಮಾತಾಡುತ್ತ ನೇರ ಮುಂದೆ ನೋಡುತ್ತಾಳೆ, ಅವನು ತನ್ನ ಮುಖವನ್ನು ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು.

ತಪಾಸಣೆಯ ಕೋಣೆ ಅವನ ಕತ್ತಲೆಕೋಣೆಗಿಂತ ಚಿಕ್ಕದು. ಅಕ್ಕ ಗಲ್ಲವನ್ನು ಆನಿಕೆಯ ಮೇಲಿಟ್ಟು, ಒಂದು ಕಣ್ಣಿಗೆ ಮುಚ್ಚಳ ಹಾಕಿಸಿಕೊಂಡು, ಬಿಳಿಯ ಬೋಗುಣಿಯಂಥದರೊಳಗೆ ನೋಡುತ್ತ ಕೂತಳು. ಕೈಯಲ್ಲಿ ಒಂದು ಗುಂಡಿ. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಬಂದು ಹೋಗುತ್ತದೆ, ಕಂಡಾಗ ಒತ್ತಬೇಕು. ನರ್ಸು ಪಕ್ಕದ ಪರದೆಯಲ್ಲಿ ನೋಡುತ್ತಿದ್ದಳು, ಅವನೂ ಅವಳ ಹೆಗಲ ಮೇಲಿಂದ ನೋಡುತ್ತಿದ್ದ. ಚುಕ್ಕಿ ಬಂತು, ಹೋಯಿತು, ಅಕ್ಕನ ಹೆಬ್ಬೆರಳು ಅಲುಗಲಿಲ್ಲ. ಇನ್ನೊಂದು ಬಂತು, ಹೆಬ್ಬೆರಳು ಗುಂಡಿಯ ತನಕ ಹೋಗಿ, ನಿಂತುಬಿಟ್ಟಿತು. ನಾಲ್ಕೈದು ಸಲ ಹೀಗೇ ಆಯಿತು. ನರ್ಸು ಯಂತ್ರ ನಿಲ್ಲಿಸಿದಳು.

"ಅಮ್ಮಾ, ಕಾಣ್ತಿದೆಯಾ ಇಲ್ವಾ?"

"ಕಂಡ ಹಾಗೆ ಆಗತ್ತೆ ಕಣಮ್ಮ. ಖಾತ್ರಿ ಇಲ್ಲ."

"ಹಾಗನ್ನಿಸಿದ್ರೂ ಒತ್ತಬೇಕು."

"ಇಲ್ಲದ್ದನ್ನ ಇದೆ ಅಂತ ಹೇಳಿ, ಕಣ್ಣು ಚೆನ್ನಾಗಿದೆ ಅಂತ ನೀವು ಬರೆದುಬಿಟ್ರೆ? ನನ್ನ ತಮ್ಮ ಇಲ್ಲೇ ಕೆಲಸ ಮಾಡೋದು. ಅವನಿಗೆ ಕೆಟ್ಟ ಹೆಸರು."

ನರ್ಸಿಗೆ ನಗು ಬಂತು, ತಡೆದುಕೊಂಡಳು. "ಅಮ್ಮಾ, ನೀವು ಹೀಗೆ ಬಿಗಿ ಹಿಡಿದ್ರೆ ಇರೋ ಕಣ್ಣನ್ನೂ ಇಲ್ಲ ಅಂತ ಬರೆದುಬಿಡತ್ತೆ ಈ ಯಂತ್ರ. ಅದೂ ಸುಳ್ಳೇ ಅಲ್ವಾ? ತೀರ್ಮಾನ ನಿಮ್ಮ ಕೆಲಸ ಅಲ್ಲ. ಅನ್ನಿಸಿದ್ದನ್ನ ಒತ್ತಿ, ಸಾಕು."

ಅವನು ಬಾಗಿಲ ಹಿಡಿಕೆ ಹಿಡಿದು ನಿಂತ. ಅಕ್ಕ ಮತ್ತೆ ಬೋಗುಣಿಯೊಳಗೆ ನೋಡತೊಡಗಿದಳು. ಟಿಕ್, ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್. ಹಿಂಜರಿಯುತ್ತಲೇ ಒತ್ತುತ್ತಿದ್ದಳು. ಅವಳಿಗೆ ಇರುವ ಕಣ್ಣು ಇಷ್ಟೇ, ಅದನ್ನೂ ಅವನ ಹೆಸರಿಗೋಸ್ಕರ ಕಮ್ಮಿ ತೋರಿಸಲು ಹೊರಟಿದ್ದಳು. ಅವನಿಗೆ ನಾಚಿಕೆಯಾಯಿತು, ತೀರ ಸರಳವಾಗಿ, ಬಟ್ಟೆ ಕೆಡಿಸಿ ಸಿಕ್ಕಿಬಿದ್ದ ಹತ್ತು ವರ್ಷದವನಿಗೆ ಆದ ಹಾಗೆ. ತನ್ನ ಪ್ರಾಮಾಣಿಕತೆಯನ್ನು ತನಗೇ ತೋರಿಸಿಕೊಳ್ಳಲು ಬಿಟ್ಟ ಆ ಮಂಕು ಕೋಶಗಳು ಎಷ್ಟು? ಎಣಿಸಿರಲಿಲ್ಲ. ಬಿಟ್ಟದ್ದನ್ನು ಯಾರೂ ಎಣಿಸುವುದಿಲ್ಲ. "ಇಲ್ಲೇ ಇರು ಅಕ್ಕ, ಬಂದೆ" ಎಂದು ಮೆಟ್ಟಿಲು ಹತ್ತಿದ. ಲಿಫ್ಟಿಗೆ ಕಾದರೆ ಧೈರ್ಯ ಇಳಿದುಹೋಗುವ ಭಯವಿತ್ತು.

"ಮೇಡಂ, ಫ್ರೀಜರಿನದ್ದನ್ನ ನಾನು ಇನ್ನೂ ಬಿಸಾಡಿಲ್ಲ."

"ಸಂಜೆಯೊಳಗೆ ಅಂದಿದ್ದೆ ಅಲ್ವಾ, ಇನ್ನೂ ಹೊತ್ತಿದೆ."

"ಅದಲ್ಲ. ಎಣಿಸುವಾಗ ಔಷಧಿಯ ಆರೂ ಯಾವುವು ಅಂತ ನನಗೆ ಗೊತ್ತಿತ್ತು."

ಮೇಡಂ ಬರೆಯುತ್ತಿದ್ದುದನ್ನು ನಿಲ್ಲಿಸಲಿಲ್ಲ, ವಾಕ್ಯ ಮುಗಿಸಿ ತಲೆಯೆತ್ತಿದರು. ಅವನು ಎಲ್ಲವನ್ನೂ ಹೇಳಿದ; ಜ್ವರದ ದಿನ, ಎಡಗೈ, ಕೊನೆಯಲ್ಲಿ ವಾಲುವ ಕತ್ತರಿ, ಕೆಳಗೆ ನಡೆಯುತ್ತಿರುವ ಅಕ್ಕನ ತಪಾಸಣೆ. ಅವರು ಎದ್ದು ಪೆಟ್ಟಿಗೆಯಿಂದ ಏಳನೆಯದನ್ನೂ ಎಂಟನೆಯದನ್ನೂ ತೆಗೆದು ಕಿಟಕಿಯ ಬಳಿಯ ಚಿಕ್ಕ ಮೈಕ್ರೋಸ್ಕೋಪಿನಲ್ಲಿ ಒಂದಾದ ಮೇಲೊಂದು ನೋಡಿದರು. ಬಹಳ ಹೊತ್ತು ನೋಡಿದರು.

"ಜಾಸ್ತಿ ಎಣಿಸಿದ್ರಾ?"

"ಕಮ್ಮಿ."

"ಕಮ್ಮಿನಾ? ನಿಮ್ಮ ಅಕ್ಕನಿಗೆ ಗ್ಲಾಕೋಮಾ ಅಲ್ವಾ?"

"ಅದಕ್ಕೇ ಮೇಡಂ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮುಖ ಇನ್ನಷ್ಟು ಗಟ್ಟಿಯಾಯಿತು. "ಈಗ ಅಕ್ಕನ ಟೆಸ್ಟು ನೋಡ್ಕೊಂಡು ಮೇಲೆ ಬಂದಿದ್ದೀರಿ. ನಿನ್ನೆ ಬರೆದಿದ್ದು ಪ್ರಾಮಾಣಿಕತೆ ಜಾಸ್ತಿಯಾಗಿ, ಈಗ ಹೇಳ್ತಿರೋದು ಪ್ರೀತಿ ಜಾಸ್ತಿಯಾಗಿ. ಯಾವುದನ್ನ ನಂಬಲಿ ನಾನು?"

"ಎರಡನ್ನೂ ನಂಬಬೇಡಿ. ಬೇರೆಯವರ ಕೈಲಿ ಎಣಿಸಿ. ಅಂಚು ಕಾಣದ ಹಾಗೆ ಮುಚ್ಚಿ ಕೊಡಿ. ಅಲ್ಲೀವರೆಗೂ ಆ ಶೀಷೆಗಳು ಇರಲಿ, ಅಷ್ಟೇ ನಾನು ಕೇಳೋದು."

"ಇನ್ನು ನೀವು ಇಪ್ಪತ್ತಾರು ವರ್ಷದಿಂದ ಎಣಿಸಿದ್ದೆಲ್ಲ?"

ಅವರು ಕೈ ಚಾಚಿದರು. ಮೊದಲು ಏನೆಂದು ತಿಳಿಯದೆ ಆ ಅಂಗೈಯನ್ನೇ ನೋಡಿದ, ಆಮೇಲೆ ಕತ್ತಲೆಕೋಣೆಯ ಕೀಲಿಯನ್ನು ಇಟ್ಟ; ಕೇಳದಿದ್ದರೂ ಎಣಿಕೆಯಂತ್ರವನ್ನೂ ಇಟ್ಟ. ತಿರುಗಿದಾಗ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಅಣ್ಣಾ, ಫೋನಲ್ಲಿ ಬಾಯಿಬಿಟ್ಟಿದ್ದು ನಾನೇ ತಾನೇ" ಎಂದಳು. ಅವಳ ಕಣ್ಣಿನಲ್ಲಿ ಸಿಟ್ಟೂ ಇತ್ತು, ಆಸೆಯೂ ಇತ್ತು. ಆಸೆಯನ್ನು ನೋಡಲು ಅವನಿಗೆ ಹೆಚ್ಚು ಕಷ್ಟವಾಯಿತು. "ನೀನು ಹೇಳಿದ್ದು ಕತ್ತರಿಸೋಕೆ. ಸುಮ್ಮನಿದ್ದಿದ್ದು ನಾನು" ಎಂದು ಪಕ್ಕಕ್ಕೆ ಸರಿದು ಇಳಿದು ಹೋದ. ಹಿಂದೆ ಮೇಡಂ ಫ್ರೀಜರಿನ ವಿಷಯ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು, ಇನ್ನೊಂದು ತಿಂಗಳು ಆ ಖಾನೆ ಬಿಡಲಾಗುವುದಿಲ್ಲ ಎಂದು.

ಅಕ್ಕ ಕಾರಿಡಾರಿನ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಬಂದು ಎಡಕ್ಕೆ ಕೂತ. ಉಸಿರಿನಿಂದಲೇ ಅವನೆಂದು ಅವಳಿಗೆ ಗೊತ್ತಾಯಿತು.

"ಓಡಿ ಬಂದೆಯಾ? ಏನಾಯ್ತು?"

"ಅಕ್ಕ, ನಾನು ತಪ್ಪು ಎಣಿಸಿದೆ. ಔಷಧಿ ಕೆಲಸ ಮಾಡತ್ತೋ ಇಲ್ವೋ ಗೊತ್ತಿಲ್ಲ. ಬೇರೆಯವರು ಎಣಿಸ್ತಾರೆ."

"ಕೆಲಸ ಹೋಯ್ತಾ?"

"ಎಣಿಸೋ ಕೆಲಸ ಹೋಯ್ತು."

ಅಕ್ಕ ಚೀಲದ ಹಿಡಿಯ ಹೊಲಿಗೆಯನ್ನು ಬೆರಳಿಂದ ಸವರುತ್ತ ಕೂತಳು. ಎದುರಿಗೆ ಯಾರೋ ನೆಲ ಒರೆಸುತ್ತಿದ್ದರು, ಒದ್ದೆ ನೆಲದ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಹೇಳಬೇಕಾದದ್ದು ಇನ್ನೂ ಹೇಳಿಲ್ಲ ಎಂದು ಅವನಿಗೆ ಗೊತ್ತಿತ್ತು. ಮೇಲೆ ಹೇಳಿದ್ದು ಅದರ ಮುಂದೆ ಏನೂ ಅಲ್ಲ.

"ಅಂಗಡೀಲಿ ಒಂದಿನ ಸೂಜಿ ಕೊಟ್ಟಿದ್ದೆ ನಿನಗೆ. ನೆನಪಿದೆಯಾ?"

"ನೀನು ನಕ್ಕಿದ್ದು ನೆನಪಿದೆ."

"ಆವತ್ತೇ ತೋರಿಸಿದ್ದಿದ್ರೆ ಎಡಗಣ್ಣು ಉಳೀತಿತ್ತು ಅಕ್ಕ. ನನಗೆ ಗೊತ್ತಿರಬೇಕಿತ್ತು. ಯಾರಿಗಿಲ್ಲದಿದ್ರೂ ನನಗೆ ಗೊತ್ತಿರಬೇಕಿತ್ತು."

ಬಿಡೋ, ಆಗಿದ್ದು ಆಗಿಹೋಯ್ತು ಎನ್ನುತ್ತಾಳೆ ಎಂದು ಅವನು ಕಾದ. ಇಷ್ಟು ವರ್ಷ ಅವನ ಬೇರೆ ತಪ್ಪುಗಳಿಗೆಲ್ಲ ಅವಳು ಹೇಳುತ್ತ ಬಂದದ್ದು ಅದನ್ನೇ.

"ನಾಲ್ಕು ವರ್ಷ ಆಯ್ತು" ಎಂದಳು ಕೊನೆಗೆ. "ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾಯ್ತಾನೇ ಇದ್ದೆ."

ಅಕ್ಕ ಎಡಗೈಯನ್ನು ಬೆಂಚಿನ ಮೇಲೆ ಚಾಚಿ, ತಡಕಾಡಿ, ಅವನ ಮೊಣಕೈ ಸಿಕ್ಕಿದಾಗ ಗಟ್ಟಿಯಾಗಿ ಹಿಡಿದು ಎಳೆದಳು.

"ಯಾವಾಗ ನೋಡಿದ್ರೂ ಆ ಕಡೆ ಬಂದು ಕೂತ್ಕೋತೀಯಲ್ಲ. ಅಲ್ಲಿ ಕೂತ್ರೆ ನನಗೆ ನೀನಿಲ್ಲ. ಎದ್ದು ಈ ಕಡೆ ಬಾ."

ಅವನು ಎದ್ದ. ಅವಳ ಬಲಕ್ಕೂ ಹೋಗಲಿಲ್ಲ, ಒದ್ದೆ ನೆಲದ ಮೇಲೆ ಅವಳ ನೇರ ಮುಂದೆ, ಉಳಿದಿದ್ದ ಆ ಕಿಂಡಿಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ. ನೆಲ ಒರೆಸುವವಳು ರೇಗಿದಳು. ಅಕ್ಕ ಮುಖವನ್ನು ಸ್ವಲ್ಪ ಅತ್ತಿತ್ತ ಸರಿಸಿ, ಅವನು ಸಿಕ್ಕಿದಲ್ಲಿ ನಿಲ್ಲಿಸಿ, ನೋಡತೊಡಗಿದಳು. ಅವನು ಕಣ್ಣೊರೆಸಿಕೊಳ್ಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.